ಮಾಸ್ಟರು ಅಳತೆ ತೆಗೆದು ಹೊಲಿದ ಡೇರೆ

"ಬಾಡಿಗೆ ಟೆಂಟಾ? ಯಾರದೋ ಅಳತೆಗೆ ಹೊಲಿದಿದ್ದರಲ್ಲಿ ನನ್ನ ಮನೆಯವರು ಮಲಗಬೇಕಾ? ಈ ಕೈಯಲ್ಲಿ ಕತ್ತರಿ ಇರೋತನಕ ಅದು ಆಗದ ಮಾತು!"

ಟೈಲರ್ ಮಾಸ್ಟರು ಹೀಗೆ ಗುಡುಗಿದಾಗ ಅವರ ಕೈಯಲ್ಲಿ ಇದ್ದದ್ದು ಕತ್ತರಿಯಲ್ಲ, ಚಹಾದ ಲೋಟ. ಆದರೆ ಕೈ ಬೀಸಿದ ರಭಸಕ್ಕೆ ಚಹಾ ಹೋಗಿ ಗೋಡೆಗೆ ಬಡಿದಿದ್ದರಿಂದ ಮಾತಿನ ತೂಕ ಎಲ್ಲರಿಗೂ ತಿಳಿಯಿತು.

ಬೆಟ್ಟಕ್ಕೆ ಹೋಗಿ ಡೇರೆ ಹಾಕಿ ಮೂರು ದಿನ ಇರೋಣ ಎಂದವರು ಅವರ ಹೆಂಡತಿ. ಆಕೆ ಶಾಲೆಯಲ್ಲಿ ಡ್ರಿಲ್ ಟೀಚರು. ಸೀಟಿ ಕೊರಳಲ್ಲಿ ಇಲ್ಲದಿದ್ದರೂ ದನಿಯಲ್ಲಿ ಇದ್ದೇ ಇರುತ್ತಿತ್ತು. ಮೂರು ದಿನದ ಕಾರ್ಯಕ್ರಮವನ್ನು ಆಕೆ ಗೆರೆ ಎಳೆದು ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದರು. ಬೆಳಿಗ್ಗೆ ಐದೂವರೆಗೆ ಓಟ, ಆರೂವರೆಗೆ ಬಂಡೆ ಹತ್ತುವುದು, ಎಂಟಕ್ಕೆ ಹಳ್ಳ ದಾಟುವುದು. ವಿಶ್ರಾಂತಿ ಎಂಬ ಮಾತು ಮೂರು ದಿನಕ್ಕೂ ಸೇರಿ ಒಂದೇ ಕಡೆ ಇತ್ತು, ಅದರ ಮುಂದೆ ಪ್ರಶ್ನೆ ಚಿಹ್ನೆ ಹಾಕಿತ್ತು. ಇಷ್ಟೆಲ್ಲ ಮಾಡಿ ಆಕೆ ಗಂಡನಿಗೆ ವಹಿಸಿದ್ದು ಒಂದೇ ಕೆಲಸ, ಬಾಡಿಗೆ ಅಂಗಡಿಗೆ ಫೋನ್ ಮಾಡಿ ಒಂದು ಡೇರೆ ಹೇಳುವುದು.

ಹೇಳಲಿಲ್ಲ ಮಾಸ್ಟರು. ಹೇಗೆ ಹೇಳಿಯಾರು? ಅವರ ಅಂಗಡಿಯ ಮುಂದೆ ಬಿಸಿಲಿಗೆ ಅಡ್ಡವಾಗಿ ಒಂದು ಹಸಿರು ಪರದೆ ಕಟ್ಟಿತ್ತು. ಮಳೆನೀರು ಇಳಿಯದ ಗಟ್ಟಿ ಬಟ್ಟೆ. ಅದರ ಮೇಲೆ ದಪ್ಪ ಅಕ್ಷರಗಳಲ್ಲಿ ಒಂದೇ ಸಾಲು: ಇಲ್ಲಿ ಹೊಲಿದ ಬಟ್ಟೆ ಆಲ್ಟರೇಶನ್‌ಗೆ ಬರುವುದಿಲ್ಲ. ಮೂವತ್ತು ವರ್ಷದಿಂದ ಮಾಸ್ಟರು ಮೆಷಿನ್ ತುಳಿಯುತ್ತ ಒಳಗಿನಿಂದ ನೋಡುತ್ತಿದ್ದದ್ದು ಆ ಸಾಲನ್ನೇ. ಬಿಸಿಲು ಬಿದ್ದಾಗ ಅಕ್ಷರಗಳು ಹಿಂದುಮುಂದಾಗಿ ಮೂಡುತ್ತಿದ್ದವು. ಹಾಗೆ ಓದಿ ಓದಿ ಅವರಿಗೆ ನೆಟ್ಟಗಿನ ಅಕ್ಷರಕ್ಕಿಂತ ಅದೇ ಸಲೀಸಾಗಿತ್ತು.

ಮೂವತ್ತು ವರ್ಷ, ಒಂದು ಅಂಗಿ, ಒಂದು ಪ್ಯಾಂಟು, ಒಂದು ರವಿಕೆ ಕೂಡ ವಾಪಸ್ ಬಂದಿರಲಿಲ್ಲ. ಎದುರು ಬದಿಯಲ್ಲಿ ಒಂದೇ ಮೆಷಿನ್ ಇಟ್ಟುಕೊಂಡು ಬರೀ ಬಿಗಿ ಸಡಿಲ ಮಾಡಿಕೊಡುವ ಹೆಂಗಸೊಬ್ಬಳಿದ್ದಳು. ಬೀದಿಯವರಿಗೆಲ್ಲ ಆಕೆ ಆಲ್ಟರೇಶನ್ ಅಕ್ಕ. ಆಕೆಯ ಅಂಗಡಿಯಲ್ಲಿ ಸದಾ ಜನ ತುಂಬಿರುವುದನ್ನು ಕಂಡು ಮಾಸ್ಟರಿಗೆ ಮರುಕವಾಗುತ್ತಿತ್ತು. ಊರಿನಲ್ಲಿ ಇಷ್ಟೊಂದು ಕೆಟ್ಟ ಟೈಲರುಗಳು ಇದ್ದಾರಲ್ಲ ಎಂದು!

ಅಂತೂ ಡೇರೆಯ ಅಳತೆ ಶುರುವಾಯಿತು. ಬೇರೆಯವರಾದರೆ ಉದ್ದ ಅಗಲ ಅಂದಾಜು ಮಾಡಿ ಕತ್ತರಿಸುತ್ತಿದ್ದರೇನೋ. ಮಾಸ್ಟರು ಹೆಂಡತಿ, ಮಗಳು, ಅತ್ತೆ ಮೂವರನ್ನೂ ನಡುಮನೆಯಲ್ಲಿ ಸಾಲಾಗಿ ಮಲಗಿಸಿ ಟೇಪು ಹಿಡಿದರು. ಭುಜ, ಮೊಣಕೈ, ಮಡಚಿದ ಮೊಣಕಾಲು, ಒಂದೂ ಬಿಡಲಿಲ್ಲ. ಅತ್ತೆ ಯಾವ ಮಗ್ಗುಲಿಗೆ ಹೊರಳುತ್ತಾರೆ ಎಂದು ಕೇಳಿ ಬರೆದುಕೊಂಡರು.

"ಕೈ ಸಡಿಲ ಬಿಡಿ ಅತ್ತೆ, ಉಸಿರು ಬಿಗಿಹಿಡೀಬೇಡಿ."

"ಬೆಟ್ಟಕ್ಕೆ ಕರಕೊಂಡು ಹೋಗ್ತೀರೋ, ಹೆಣದ ಪೆಟ್ಟಿಗೆ ಮಾಡಿಸ್ತೀರೋ ಅಳಿಯಂದ್ರೆ?" ಎಂದರು ಅತ್ತೆ.

ಹತ್ತು ದಿನ ಮೆಷಿನ್ ಗಡಗಡ ಅಂದಿತು. ಡೇರೆಗೆಂದೇ ಕೊಂಡುತಂದ ಬಟ್ಟೆಯಲ್ಲಿ ಅಂಗೈಯಗಲ ಚೂರೂ ಉಳಿಯಲಿಲ್ಲ. ಅದನ್ನೇ ಮಾಸ್ಟರು ಹೋದಲ್ಲಿ ಬಂದಲ್ಲಿ ಹೇಳಿಕೊಂಡರು.

ಭಾನುವಾರ ತಾರಸಿಯ ಮೇಲೆ ಪ್ರಯೋಗ. ಡೇರೆ ಎದ್ದು ನಿಂತ ಚಂದಕ್ಕೆ ಪಕ್ಕದ ತಾರಸಿಯವರು ಬಟ್ಟೆ ಒಣಹಾಕುವುದನ್ನು ಬಿಟ್ಟು ನೋಡಿದರು. ಒಂದು ಸುಕ್ಕಿಲ್ಲ, ಒಂದು ಜೋಲಿಲ್ಲ. ಅತ್ತೆ ಒಳಗೆ ಹೋಗಿ ಮಲಗಿದರು, ಸರಿಹೋಯಿತು. ಹೆಂಡತಿ ಮಲಗಿದರು, ಸರಿಹೋಯಿತು. ಮಗಳು ಮಲಗಿದಳು, ಕೈಗವಸಿನಲ್ಲಿ ಬೆರಳು ಕೂತಂತೆ ಕೂತಿತು. ಕೊನೆಗೆ ಮಾಸ್ಟರು ಗೆದ್ದ ರಾಜನ ಗತ್ತಿನಲ್ಲಿ ತೆವಳಿ ಒಳಹೊಕ್ಕು, ಬಾಗಿಲ ಬದಿಯಲ್ಲಿ ಮಲಗಿ ಜಿಪ್ ಎಳೆದರು.

ಜಿಪ್ ಅವರ ಹೊಟ್ಟೆಯವರೆಗೆ ಬಂದು ನಿಂತಿತು. ಅಲ್ಲಿಂದ ಮುಂದಕ್ಕೆ ಸುತರಾಂ ಒಪ್ಪಲಿಲ್ಲ.

"ನೀವು ಮಲಗಿರೋ ಶೈಲಿ ಸರಿಯಿಲ್ಲ, ಎಲ್ಲ ಸ್ವಲ್ಪ ಆ ಕಡೆ ಸರೀರಿ" ಎಂದರು ಮಾಸ್ಟರು. ಮೂವರೂ ಸರಿದರು. ಆ ತುದಿಯಲ್ಲಿ ಅತ್ತೆಯ ಮೂಗು ಬಟ್ಟೆಯ ಆಚೆಗೆ ಮೊಟ್ಟೆಯ ಹಾಗೆ ಕಾಣಿಸಿಕೊಂಡಿತು. ಜಿಪ್ ಮಾತ್ರ ಕದಲಲಿಲ್ಲ. ಹೊಸ ಬಟ್ಟೆ ಅಲ್ಲವೇ, ಬಿಗಿ ಇರುತ್ತದೆ, ಒಂದು ಸಲ ಒಗೆದರೆ ಸಡಿಲವಾಗುತ್ತದೆ ಎಂದರು. ಅದೂ ಅಲ್ಲದಿದ್ದರೆ ಈಗಿನ ಫ್ಯಾಶನ್ನೇ ಹೀಗೆ ಎಂದರು. ಮೂವತ್ತು ವರ್ಷ ಗಿರಾಕಿಗಳಿಗೆ ಹೇಳಿದ್ದನ್ನೆಲ್ಲ ಒಂದೊಂದಾಗಿ ತೆಗೆದು ಮನೆಯವರ ಮುಂದಿಟ್ಟರು.

"ರೀ, ಇದರಲ್ಲಿ ನಿಮ್ಮ ಅಳತೆ ತಗೊಂಡಿದ್ರಾ?" ಎಂದು ಕತ್ತಲೆಯ ಒಳಗಿನಿಂದ ಹೆಂಡತಿ ಕೇಳಿದರು.

"ನನ್ನ ಅಳತೆ ನಾನ್ಯಾಕೆ ತಗೋಬೇಕು? ಪುಸ್ತಕದಲ್ಲಿ ಇದೆ."

ಮಗಳು ಓಡಿಹೋಗಿ ಅಳತೆ ಪುಸ್ತಕ ತಂದಳು. ಇತ್ತು, ನಿಜ. ಮಾಸ್ಟರ ಮದುವೆಯ ಸೂಟಿನ ಅಳತೆ. ಸೊಂಟ ಇಪ್ಪತ್ತೆಂಟು. ಅಲ್ಲಿಂದೀಚೆಗೆ ಅವರು ತೊಟ್ಟದ್ದೆಲ್ಲ ಲಾಡಿ ಪೈಜಾಮ. ಲಾಡಿ ಸಾಧುಪ್ರಾಣಿ, ಎಷ್ಟು ಹಿಗ್ಗಿದರೂ ಹೊಂದಿಕೊಂಡು ಹೋಗುತ್ತದೆ, ಒಡೆಯನಿಗೆ ಚಾಡಿ ಹೇಳುವುದಿಲ್ಲ. ಊರಿನ ಸೊಂಟವನ್ನೆಲ್ಲ ಬಾಯಿಪಾಠ ಮಾಡಿದ ಮನುಷ್ಯ ತನ್ನದೊಂದನ್ನು ಇಪ್ಪತ್ತು ವರ್ಷ ನೋಡಿರಲೇ ಇಲ್ಲ. ಹೆಂಡತಿ ಅವರ ಕೊರಳಿನ ಟೇಪನ್ನೇ ಎಳೆದು ಅಳೆದರು. ಡೇರೆಗೆ ಸರಿಯಾಗಿ ಒಂದು ಗೇಣು ಕಡಿಮೆಯಾಗಿತ್ತು.

"ಬಿಚ್ಚಿ ಒಂದು ಗೇಣು ಸೇರಿಸಿದ್ರೆ ಆಯ್ತಪ್ಪ" ಎಂದಳು ಮಗಳು.

ಮಾಸ್ಟರು ಎದ್ದು ನಿಂತರು, ಅಥವಾ ಎದ್ದು ನಿಲ್ಲಲು ಹೋದರು. ಡೇರೆಯೂ ಜೊತೆಗೆ ಎದ್ದಿತು. ಅದನ್ನು ತಲೆಯ ಮೇಲೆ ಹೊತ್ತುಕೊಂಡೇ ಹೇಳಿದರು: "ನನ್ನ ಕೈಯಲ್ಲಿ ಆಲ್ಟರೇಶನ್ ಅನ್ನೋದು ಇಲ್ಲ. ಟೆಂಟು ಬದಲಾಗಲ್ಲ. ನಾನೇ ಬದಲಾಗ್ತೀನಿ. ಇನ್ನು ಹನ್ನೆರಡು ದಿನ ಇದೆ, ಈ ಹೊಟ್ಟೆ ಇರಬೇಕು, ಇಲ್ಲ ನಾನಿರಬೇಕು!"

ಡ್ರಿಲ್ ಟೀಚರ ಕಣ್ಣು ಹೊಳೆದದ್ದನ್ನು ಅವರು ಡೇರೆಯೊಳಗಿಂದ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಐದೂವರೆಗೆ ಸೀಟಿ ಕೂಗಿತು. ಮಾಸ್ಟರು ಲಾಡಿ ಬಿಗಿದು ಬೀದಿಗಿಳಿದರು. ಮೊದಲ ದಿನ ಮೂಲೆಯ ದೀಪದ ಕಂಬದವರೆಗೆ ಓಡಿ ಅದನ್ನು ತಬ್ಬಿಕೊಂಡು ನಿಂತರು. ನಾಲ್ಕನೆಯ ದಿನ ಶಾಲೆಯ ಹುಡುಗಿಯರ ಸಾಲಿನ ಕೊನೆಯಲ್ಲಿ ಕೈ ಮೇಲೆ ಕೈ ಕೆಳಗೆ ಮಾಡಿದರು. ಹುಡುಗಿಯರು ನಕ್ಕರೆ ಅವರ ಸಮವಸ್ತ್ರ ಯಾರು ಹೊಲಿದದ್ದು ಎಂದು ನೆನಪಿಸಿದರು. ಊಟ ಅರ್ಧವಾಯಿತು. ದಿನಾ ಸಂಜೆ ತಾರಸಿಯಲ್ಲಿ ಡೇರೆ ಹಾಕಿ ಜಿಪ್ ಎಳೆದು ನೋಡುತ್ತಿದ್ದರು. ಹನ್ನೊಂದನೆಯ ಸಂಜೆಗೆ ಜಿಪ್ ಎರಡು ಬೆರಳಿನಷ್ಟು ಮುಂದೆ ಬಂದಿತ್ತು. ಗೇಣಿಗೆ ಇನ್ನೂ ಬಹಳ ಬಾಕಿ.

"ಎರಡು ಬೆರಳು ಬಿಟ್ಟುಕೊಟ್ಟಿದೆ ಅಂದಮೇಲೆ ಮಿಕ್ಕಿದ್ದನ್ನೂ ಬಿಡಲೇಬೇಕು" ಎಂದು ಮಾಸ್ಟರು ಹೊಟ್ಟೆಗೇ ಎಚ್ಚರಿಕೆ ಕೊಟ್ಟರು.

ಹನ್ನೆರಡನೆಯ ದಿನ ಅಂಗಡಿಯ ಮುಂದಿನ ಪರದೆ ಕಾಣಲಿಲ್ಲ. ಧೂಳು ಹಿಡಿದಿತ್ತು, ಒಗೆಯಲು ತೆಗೆದಿದ್ದೇನೆ ಎಂದರು ಹೆಂಡತಿ. ಡೇರೆಯನ್ನೂ ಆಕೆಯೇ ಮಡಚಿ ಚೀಲಕ್ಕೆ ಹಾಕಿ ಬಾಯಿ ಬಿಗಿದಿದ್ದರು. ಆ ಸಂಜೆ ಮಾಸ್ಟರಿಗೆ ಅಳೆದು ನೋಡಲು ಡೇರೆಯೇ ಸಿಗಲಿಲ್ಲ.

ಬೆಟ್ಟವನ್ನು ಎಲ್ಲರಿಗಿಂತ ಕೊನೆಯಲ್ಲಿ ಹತ್ತಿದವರು ಮಾಸ್ಟರು. ಅವರಿಗಿಂತ ಮುಂಚೆ ಅತ್ತೆ ಹತ್ತಿ, ಕೂತು, ಎಲ್ಲರಿಗೂ ಚಹಾ ಕಾಸಿಕೊಟ್ಟಾಗಿತ್ತು. ಹೊತ್ತು ಮುಳುಗುತ್ತಿತ್ತು, ಡೇರೆ ಹಾಕಿಯಾಗಿತ್ತು. ಮಾಸ್ಟರು ಯಾರ ಮುಖವನ್ನೂ ನೋಡದೆ ತೆವಳಿ ಒಳಗೆ ಹೋಗಿ, ಉಸಿರು ಬಿಗಿಹಿಡಿದು, ಕಣ್ಣು ಮುಚ್ಚಿ ಜಿಪ್ ಎಳೆದರು.

ಸರ್ ಎಂದು ಕೊನೆಯವರೆಗೂ ಹೋಯಿತು!

"ನೋಡಿದ್ರಾ?" ಮಾಸ್ಟರ ದನಿಗೆ ಬೆಟ್ಟ ಮಾರುತ್ತರ ಕೊಟ್ಟಿತು. "ಆಲ್ಟರೇಶನ್ ಇಲ್ಲ ಅಂದೆ, ಇಲ್ಲ ಅಂದ್ರೆ ಇಲ್ಲ. ಮನುಷ್ಯ ಬಗ್ಗಬಹುದು, ಹೊಲಿಗೆ ಬಗ್ಗಲ್ಲ." ಭಾಷಣ ಇನ್ನೂ ಇತ್ತು. ಆದರೆ ಹತ್ತಿದ ಆಯಾಸಕ್ಕೆ ನಡುವೆಯೇ ಗೊರಕೆ ಶುರುವಾಯಿತು.

ಬೆಳಿಗ್ಗೆ ಸೂರ್ಯ ಎದುರು ಬೆಟ್ಟದಿಂದ ಇಣುಕಿದ. ಬಿಸಿಲು ನೇರವಾಗಿ ಡೇರೆಯ ಬಾಗಿಲ ಬದಿಗೆ ಬಿತ್ತು. ಮಾಸ್ಟರು ಕಣ್ಣು ಬಿಟ್ಟರು. ಮೂಗಿನಿಂದ ಗೇಣು ದೂರದಲ್ಲಿ, ತಲೆಯಿಂದ ಕಾಲಿನವರೆಗೆ, ಹಸಿರು ಪಟ್ಟಿಯೊಂದರ ಮೇಲೆ ಹಿಂದುಮುಂದಾದ ಅಕ್ಷರಗಳು ಮೂಡಿ ನಿಂತಿದ್ದವು. ಓದಲು ಅವರಿಗೆ ಅರೆಕ್ಷಣವೂ ಬೇಕಾಗಲಿಲ್ಲ. ಆಲ್ಟರೇಶನ್‌ಗೆ ಬರುವುದಿಲ್ಲ.

ಬೆರಳಿನಿಂದ ಹೊಲಿಗೆ ಮುಟ್ಟಿ ನೋಡಿದರು. ಸಣ್ಣ, ಒತ್ತಾದ, ಒಂದೇ ಸಮನಾದ ಹೊಲಿಗೆ. ಕಸುಬು ಬಲ್ಲ ಕೈ.

"ಯಾರು ಇದು?" ಎಂದರು, ಮೆಲ್ಲಗೆ.

"ಎದುರು ಅಂಗಡಿ ಅಕ್ಕ" ಎಂದರು ಹೆಂಡತಿ. "ನೀವು ಅಂಗೈಯಗಲ ಬಟ್ಟೆಯನ್ನೂ ಉಳಿಸಿರಲಿಲ್ಲ. ನೀರು ಇಳಿಯದ ಬಟ್ಟೆ ಅಂತ ಇದ್ದಿದ್ದು ಅಂಗಡಿ ಪರದೆ ಒಂದೇ."

"ಅವಳಿಗೆ ನನ್ನ ಕಟಿಂಗ್ ಅರ್ಥ ಆಯ್ತಾ? ಅಷ್ಟು ಸುಲಭವಾಗಿ?"

"ಆಗದೆ ಏನು? ಮೂವತ್ತು ವರ್ಷದಿಂದ ನಿಮ್ಮ ಬಟ್ಟೇನೇ ಬಿಚ್ಚಿ ಹೊಲೀತಿದಾಳೆ. ನಿಮ್ಮ ಬೋರ್ಡು ನೋಡಿ ಹೆದರಿ ಎಲ್ಲ ಅವಳ ಹತ್ರ ಹೋಗ್ತಾರೆ. ನಮ್ಮ ಶಾಲೆ ಸಮವಸ್ತ್ರಾನೂ ಸೇರಿ."

ಮಾಸ್ಟರು ಆ ಅಕ್ಷರಗಳನ್ನು ಇನ್ನೊಮ್ಮೆ ಓದಿದರು. ಸೋಲು ಒಪ್ಪಿ ಅಭ್ಯಾಸವಿಲ್ಲದ ಬಾಯಿ. ಕೊನೆಗೆ ಗಂಟಲು ಸರಿಮಾಡಿಕೊಂಡು, ಊರಿಗೆ ಹೋದ ದಿನವೇ ಆ ಪರದೆಯ ಮಿಕ್ಕ ತುಂಡನ್ನೂ ಎಸೆಯುತ್ತೇನೆ ಎಂದರು.

"ಅಯ್ಯೋ, ಹಾಗೆ ಮಾಡಬೇಡಿ" ಎಂದರು ಹೆಂಡತಿ, ಸೀಟಿಯನ್ನು ಬಾಯಿಗಿಡುವ ಮುಂಚೆ. "ಅದನ್ನ ಕತ್ತರಿಸೋಕೆ ಅವಳಿಗೆ ಮನಸ್ಸೇ ಬರಲಿಲ್ಲ. ಹೋದ ತಕ್ಷಣ ಹೊಸದು ಬರೆಸಿ ಹಾಕಬೇಕಂತೆ, ಇನ್ನೂ ದಪ್ಪ ಅಕ್ಷರದಲ್ಲಿ. ಬಣ್ಣ ಅವಳೇ ಕೊಡಿಸ್ತಾಳಂತೆ."