ಹುಳುಮನೆಯ ಚಿಪ್‌ನೊಳಗಿನ ಗಡಿಯಾರದ ಸನ್ನಿಧಾನಕ್ಕೆ

ಮಾಗಡಿ ತಾಲ್ಲೂಕು
ಮಾರ್ಚ್ ೨೦೦೭

ಮಾನ್ಯರೇ,

ರೇಷ್ಮೆ ಬೆಳೆಯುವ, ಹಳೇ ರೇಡಿಯೊ ಬಿಚ್ಚಿ ಕಟ್ಟಿ ವಿದ್ಯೆ ಕಲಿತ ಪಂಚಾಕ್ಷರಯ್ಯನ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೇ? ತಮ್ಮ ಪೆಟ್ಟಿಗೆಯಲ್ಲೇ ವಾಸವಿರುವ ಗಂಟೆ, ಥರ್ಮಾಮೀಟರು, ತಂತಿಯಾಚೆ ಜಗುಲಿಯಲ್ಲಿ ಕೂತು ಒಳಗಿನ ಸೆಕೆ ಎಷ್ಟೆಂದು ತೋರಿಸುವ ಅಂಕಿಪಟ್ಟಿ ಎಲ್ಲರೂ ಆರೋಗ್ಯವೇ? ಇಲ್ಲಿ ನನ್ನ ಹೆಂಡತಿ ಸುಂದರಮ್ಮ ಚೆನ್ನಾಗಿದ್ದಾಳೆ. ನನ್ನೊಡನೆ ಮಾತು ಬಿಟ್ಟಿದ್ದಾಳೆ, ಅಷ್ಟೆ.

ಬಿಡದಿಯ ಕಾರ್ಖಾನೆಯಲ್ಲಿರುವ ಅಣ್ಣನ ಮಗ ಶಶಿಕಿರಣ್ ತಮ್ಮನ್ನು ತಂದುಕೊಟ್ಟಾಗ, ಹುಳುಗಳಿಗೆ ಹೊತ್ತು ಹೊತ್ತಿಗೆ ಸೊಪ್ಪು ಹಾಕಲು ಗಂಟೆ ಬಾರಿಸುವ ಭಾರವನ್ನು ತಮಗೇ ಒಪ್ಪಿಸಿದೆ. ತಾವು ಗಂಟೆಗೆ ಎರಡೇ ಎರಡು ನಿಮಿಷ ವಿಶ್ರಾಂತಿ ಪಡೆದಿರಿ. ದೊಡ್ಡವರಿಗೆ ಅಷ್ಟೂ ಬೇಡವೇ? ಸೋಮವಾರ ಆರಕ್ಕೆ ಸರಿಯಾಗಿ ಬಾರಿಸಿದವರು ಶುಕ್ರವಾರ ಅದೇ ಆರನ್ನು ಒಂಬತ್ತು ದಾಟಿದ ಮೇಲೆ ಬಾರಿಸಿದಿರಿ. ನಾನೋ, ತಮ್ಮ ಮೇಲಿನ ಭಕ್ತಿಯಿಂದ, ಮೂವತ್ತು ವರ್ಷ ತಪ್ಪದ ನನ್ನ ಕೈಗಡಿಯಾರದ ಮುಳ್ಳನ್ನೇ ಹಿಂದಕ್ಕೆ ತಿರುಗಿಸಿಕೊಂಡೆ.

“ಹುಳ ತಲೆ ಎತ್ಕಂಡು ಸೊಪ್ಪು ಕೇಳ್ತಾ ಅವೆ ಕಣ್ರೀ! ನಿಮ್ ಡಬ್ಬುಕ್ಕೇನ್ ಗೊತ್ತು ಹಸಿವು?” ಎಂದಳು ಸುಂದರಮ್ಮ. “ಡಬ್ಬ ಕೂಗ್ಲಿ, ಒಸಿ ಸುಮ್ಕಿರು” ಎಂದೆ. ಅಂದಿನಿಂದ ಅವಳು ಸುಮ್ಮನೇ ಇದ್ದಾಳೆ.

ಇನ್ನು ತಮ್ಮ ವಾಕ್ಚಾತುರ್ಯ. ತಂತಿಯಲ್ಲಿ ಕಳಿಸುವ ಒಂದೊಂದು ಅಕ್ಷರಕ್ಕೂ ಇಂತಿಷ್ಟೇ ಹೊತ್ತು ಎಂದು ತಾವು ಮತ್ತು ಅಂಕಿಪಟ್ಟಿ ಮೊದಲೇ ಒಪ್ಪಿಕೊಂಡಿದ್ದೀರಂತೆ. ಬೆಳಗಿನ ತಂಪಿನಲ್ಲಿ ಆ ಮಾತು ನಡೆಸುತ್ತೀರಿ. ಮಧ್ಯಾಹ್ನ ತಗಡು ಕಾದರೆ ತಮ್ಮ ಲೆಕ್ಕ ಇನ್ನಷ್ಟು ಎಳೆದು, ಇಪ್ಪತ್ತೆಂಟು ಡಿಗ್ರಿ ಎಂಬುದು ಕೋಳಿ ಕೆದಕಿದ ಗುರುತುಗಳಾಗಿ ಜಗುಲಿಗೆ ಬರುತ್ತದೆ. ಸೆಕೆಯನ್ನು ತಿಳಿಸಬೇಕಾದವರು ಸೆಕೆಯಲ್ಲೇ ಮಾತು ತಪ್ಪುವುದು ಎಂಥ ಸೂಕ್ಷ್ಮ ಮನಸ್ಸು!

ತಮ್ಮ ಗಂಟೆ ಕೇಳಿ ಉಂಡ ಹುಳುಗಳು ಈರುಳ್ಳಿ ಸಿಪ್ಪೆಯಂಥ ಗೂಡು ಕಟ್ಟಿವೆ. ಸುಂದರಮ್ಮ ನನಗೆ ಕಾಣದಂತೆ, ಬಿಸಿಲು ನೋಡಿ ಸೊಪ್ಪು ಹಾಕಿದ ಕೆಳಸಾಲಿನ ತಟ್ಟೆಗಳ ಗೂಡು ಬೆರಳಿಂದ ಅದುಮಿದರೂ ಬಗ್ಗುತ್ತಿಲ್ಲ. ಆದಕಾರಣ ತಾವು ಸೂರ್ಯನಿಗೆ ದಿನವೂ ನಲವತ್ತೆಂಟು ನಿಮಿಷ ತಡವಾಗಿ ಹುಟ್ಟಲು ಆಜ್ಞೆ ಮಾಡಬೇಕು. ಆಗದಿದ್ದರೆ, ತಪ್ಪೆಲ್ಲ ತಮ್ಮದೇ ಎಂದು ಸುಂದರಮ್ಮನಿಗೆ ಎರಡು ಸಾಲು ಬರೆದುಕೊಡಬೇಕು.

ತಮ್ಮ ವಿಶ್ವಾಸಿ,
ಪಂಚಾಕ್ಷರಯ್ಯ

ಮರೆತ ಮಾತು: ತಮ್ಮ ಪಕ್ಕ ಕೂರಿಸಿ ಲೆಕ್ಕ ತಪ್ಪದಂತೆ ನೋಡಿಕೊಳ್ಳಲು ಶಶಿಕಿರಣ್ ಒಂದು ಕ್ವಾರ್ಟ್ಜ್ ಹರಳನ್ನೂ ಕೊಟ್ಟಿದ್ದ. ಒಳಗೇ ಗಡಿಯಾರವಿರುವಾಗ ಹೊರಗಿನವರ ಹಂಗೇಕೆ ಎಂದು ಅದನ್ನು ನಶ್ಯದ ಡಬ್ಬಿಗೆ ಹಾಕಿಟ್ಟವನು ನಾನೇ. ಇವತ್ತು ಸುಂದರಮ್ಮ ಆ ಡಬ್ಬಿಯನ್ನು ತಂದು, ತುಟಿ ಬಿಚ್ಚದೆ, ನನ್ನ ಮುದ್ದೆಯ ತಟ್ಟೆಯ ಪಕ್ಕ ಇಟ್ಟು ಹೋದಳು. ಉತ್ತರ ಬೇಗ ಬರೆಯಿರಿ. ತಂತಿಯಲ್ಲಿ ಬೇಡ, ಅಂಚೆಯಲ್ಲಿ, ಅವಳು ಓದುವಂತಿರಬೇಕು.