ಅಕ್ಕಿ ಗಿರಣಿಯ ಕಡಲ ಹಾಡುಗಳು

ಕಲಾವಿದನಾಗಬೇಕೆಂಬ ಆಸೆ ಮನುಷ್ಯನಿಗೆ ಒಮ್ಮೆ ಬಂದು ಹೋದರೆ ಅಷ್ಟೇನೂ ಅಪಾಯವಿಲ್ಲ. ಅದು ಆಲ್ಬಂ ಆಗಿ ಮನೆಯಲ್ಲಿ ಪೆಟ್ಟಿಗೆಗಟ್ಟಲೆ ಉಳಿದರೆ ಮಾತ್ರ ಕಷ್ಟ. ಕಾಯಿಲೆ ವಾಸಿಯಾದರೂ ಎಕ್ಸ್‌ರೇ ಹಾಳೆಗಳು ಅಟ್ಟದ ಮೇಲೆ ಬಿದ್ದಿರುತ್ತವಲ್ಲ, ಹಾಗೆ. ನಾನೀಗ ತೋರಣಗಲ್ಲಿನ ಕಾರ್ಖಾನೆಯೊಂದರ ಉಗ್ರಾಣದಲ್ಲಿ ನಟ್ಟು ಬೋಲ್ಟು ಕೊಡುವವನು. ನನ್ನ ಬೋಳು ತಲೆ ನೋಡಿ ಯಾರೂ ಊಹಿಸಲಾರರು, ಆದರೆ ಒಂದು ಕಾಲದಲ್ಲಿ ನಾನು ‘ಹಿನ್ನೀರು’ ಎಂಬ ಸರ್ಫ್ ಪಾಪ್ ಬ್ಯಾಂಡಿನ ಡ್ರಮ್ಮರ್ ಆಗಿದ್ದೆ. ಹೊಸಪೇಟೆಯಲ್ಲಿ ಅಂಥ ಬ್ಯಾಂಡು ಅದೊಂದೇ ಇದ್ದದ್ದರಿಂದ ನಾವು ಸದಾ ಮೊದಲ ಸ್ಥಾನದಲ್ಲಿರುತ್ತಿದ್ದೆವು.

ಸರ್ಫ್ ಪಾಪ್ ಅಂದರೆ ಕಡಲ ಅಲೆಯ ಮೇಲೆ ಹಲಗೆ ಹಾಕಿಕೊಂಡು ನಿಲ್ಲುವವರ ಸಂಗೀತ. ಹಂಪಿಯಲ್ಲಿ ಒಂದು ಚಳಿಗಾಲ ಕಳೆದ ವಿದೇಶಿಯೊಬ್ಬ ಅದನ್ನು ನನ್ನ ಗೆಳೆಯ ವೀರೇಶನಿಗೆ ಕಲಿಸಿ, ಗಿಟಾರನ್ನೂ ಬಿಟ್ಟು ಹೋಗಿದ್ದ. ನಮ್ಮಲ್ಲಿ ಹಾಡುತ್ತಿದ್ದವನೂ ವೀರೇಶನೇ. ನಮ್ಮಲ್ಲಿ ಯಾರೂ ಸಮುದ್ರ ನೋಡಿರಲಿಲ್ಲ. ಡ್ಯಾಮಿನ ಹಿನ್ನೀರು ನೋಡಿದ್ದೆವು. ಗಾಳಿ ಬೀಸಿದ ದಿನ ಅಲ್ಲೂ ಅಲೆ ಏಳುತ್ತದೆ. ಹಲಗೆಯ ಮೇಲೆ ನಿಂತವನ ಬದಲು ಹರಿಗೋಲಿನಲ್ಲಿ ಕುಳಿತವನ ಬಗ್ಗೆ ಹಾಡು ಕಟ್ಟಿದೆವು. ಹರಿಗೋಲು ನಿಂತಲ್ಲೇ ತಿರುಗುವುದರಿಂದ ನಮ್ಮ ಹಾಡುಗಳೂ ಎಲ್ಲಿಗೂ ಹೋಗುತ್ತಿರಲಿಲ್ಲ. ಬೇಸ್ ಗಿಟಾರ್ ನುಡಿಸುತ್ತಿದ್ದವನು ಸಂಡೂರಿನ ಕುಮಾರ. ಗಣಿ ಅದಿರಿನ ಕಾಲ ಬಂತು, ಅವನು ಅದಿರು ಸಾಗಿಸುವ ಟಿಪ್ಪರ್ ಹತ್ತಿದ, ಬ್ಯಾಂಡು ಮುಗಿಯಿತು. ಅಷ್ಟರೊಳಗೆ ಒಂದು ಆಲ್ಬಂ ಆಗಿಹೋಗಿತ್ತು.

ಅದನ್ನು ಧ್ವನಿಮುದ್ರಿಸಿದ್ದು ಕಂಪ್ಲಿಯಲ್ಲಿ, ವೀರೇಶನ ಅಪ್ಪ ಚೆನ್ನಬಸಪ್ಪನವರ ಅಕ್ಕಿ ಗಿರಣಿಯಲ್ಲಿ. ಬೇರೆ ದಿನಗಳಲ್ಲಿ ಅಲ್ಲಿ ನಮ್ಮ ಮಾತೇ ನಮಗೆ ಕೇಳಿಸುತ್ತಿರಲಿಲ್ಲ. ಅಮಾವಾಸ್ಯೆಗೆ ಮಾತ್ರ ಮಿಷನ್ನುಗಳಿಗೆ ರಜೆ. ಹಾಗಾಗಿ ಅಮಾವಾಸ್ಯೆಗೊಂದು ಹಾಡು ಎಂದು ಗೊತ್ತು ಮಾಡಿಕೊಂಡೆವು. ಆ ದಿನ ಮಿಷನ್ನಿಗೆ ಪೂಜೆಯೂ ಇರುತ್ತದೆ ಎಂಬುದು ನಮ್ಮ ತಲೆಗೆ ಹೊಳೆದಿರಲಿಲ್ಲ. ಚೆನ್ನಬಸಪ್ಪನವರು ವಿಭೂತಿ ಹಚ್ಚಿಕೊಂಡು ಬಂದು, ಗಂಟೆ ಬಾರಿಸಿ, ಕಾಯಿ ಒಡೆದು, ಹಮಾಲರಿಗೆ ಎರಡು ಮಾತು ಹೇಳಿಯೇ ಹೋಗುವರು. ಸ್ವಲ್ಪ ತಡೆಯಿರಿ ಎಂದರೆ, ‘ನಿಮ್ಮ ಹಾಡು ನಾಳೆನೂ ಇರ್ತಾವ, ಅಮಾಸಿ ಇರಂಗಿಲ್ಲ’ ಎಂದರು. ಹೀಗೆ ನಮ್ಮ ಪ್ರತಿ ಹಾಡಿನ ನಟ್ಟನಡುವೆ ಗಂಟೆಯಿದೆ, ಫಟ್ ಎಂದು ಒಡೆಯುವ ಕಾಯಿಯಿದೆ. ಆ ಗಂಟೆ ನನ್ನ ತಾಳವನ್ನು ಹೇಗೆ ಕೆಡಿಸಿತೆಂದು ನಾನು ಚಹಾ ಕೊಡಿಸಿ ವಿವರಿಸದ ಸಹೋದ್ಯೋಗಿಯಿಲ್ಲ.

ಈಚೆಗೆ ವೀರೇಶ ಫೋನು ಮಾಡಿ, ನಮ್ಮ ಆಲ್ಬಮ್ಮಿನ ಒಂದು ಸಿ.ಡಿ. ಬೇಕಾಗಿದೆ, ಇದೆಯಾ ಎಂದು ಕೇಳಿದ. ನಾನು ಉಬ್ಬಿಹೋದೆ. ಕೊನೆಗೂ ಜನ ನಮ್ಮನ್ನು ಹುಡುಕಿಕೊಂಡು ಬರುತ್ತಿದ್ದಾರೆಂದು ಕಂಪನಿ ಬಸ್ಸಿನಲ್ಲಿ ಎಲ್ಲರಿಗೂ ಹೇಳಿದೆ. ಮನೆಗೆ ಬಂದು ಪೆಟ್ಟಿಗೆ ಹುಡುಕಿದರೆ ಖಾಲಿ. ನನ್ನ ಹೆಂಡತಿ ಶಶಿಕಲಾ ಅಷ್ಟನ್ನೂ ದಾರಕ್ಕೆ ಪೋಣಿಸಿ, ಸಂಡಿಗೆಗೆ ಕಾಗೆ ಬರದಂತೆ ಮಾಳಿಗೆಯ ಮೇಲೆ ತೂಗುಹಾಕಿದ್ದಳು. ಹೊಸಪೇಟೆಯ ಬಿಸಿಲಿಗೆ ಹಾಡುಗಳೆಲ್ಲ ಸುಲಿದುಹೋಗಿದ್ದವು. ‘ಕಾಗಿ ಒಂದೂ ಹಾಯಂಗಿಲ್ರಿ, ಭಾಳ ಛಲೋ ಅದಾವ’ ಎಂದಳು. ನಮ್ಮ ಆಲ್ಬಮ್ಮಿಗೆ ಸಿಕ್ಕ ಮೊದಲ ವಿಮರ್ಶೆ ಅದು.

ಕೊನೆಗೆ ಒಂದು ಸಿಕ್ಕಿದ್ದು ಬಂಡ್ರಿಯಲ್ಲಿ, ನಾದಿನಿಯ ಮನೆಯ ಶೋಕೇಸಿನಲ್ಲಿ. ಅವಳ ಮದುವೆಗೆ ನಾನೇ ಕೊಟ್ಟದ್ದು. ಮೇಲಿನ ಪ್ಲಾಸ್ಟಿಕ್ಕನ್ನೂ ಹರಿದಿರಲಿಲ್ಲ. ನನ್ನ ಸಂಗೀತವನ್ನು ಒಬ್ಬರು ಕೇಳದೆ ಬಿಟ್ಟದ್ದಕ್ಕೆ ನಾನು ಸಂತೋಷಪಟ್ಟದ್ದು ಅದೇ ಮೊದಲು.

ಕಂಪ್ಲಿಗೆ ಒಯ್ದೆ. ಸಿ.ಡಿ. ಹಾಕುವ ಯಂತ್ರ ಉಳಿದಿದ್ದದ್ದು ವೀರೇಶನ ಹಳೆಯ ಕಾರಿನಲ್ಲಿ ಮಾತ್ರ. ಗಿರಣಿಯ ಅಂಗಳದಲ್ಲಿ ಅದರೊಳಗೇ ಕುಳಿತೆವು. ಯಾವ ಹಾಡಿಂದ ಶುರು ಮಾಡೋಣ ಎಂದೆ. ಅವನು ನನ್ನ ಮುಖ ನೋಡದೆ ಹೇಳಿದ:

‘ಅಪ್ಪನ ಫೋಟೋ ರಗಡ ಅದಾವಲೇ. ದನಿ ಇದರಾಗಷ್ಟ ಐತಿ.’

ಚೆನ್ನಬಸಪ್ಪನವರು ಹೋದ ವರ್ಷ ತೀರಿಕೊಂಡಿದ್ದರು. ವಿಡಿಯೋ ಮಾಡಲು ಮೊಬೈಲು ಹಿಡಿದರೆ ಫೋಟೋ ಎಂದು ತಿಳಿದು ಬಾಯಿ ಮುಚ್ಚಿ ನೆಟ್ಟಗೆ ನಿಲ್ಲುವವರು. ಬಸ್ಸಿನಲ್ಲಿ ಕೊಚ್ಚಿಕೊಂಡದ್ದು ನೆನಪಾಗಿ ನಾಚಿಕೆಯಾಯಿತು.

ವೀರೇಶ ನಮ್ಮ ಹಾಡುಗಳನ್ನು ಬೆರಳಲ್ಲೇ ದಾಟಿಸುತ್ತ, ಗಂಟೆ ಬಂದಲ್ಲಿ ನಿಲ್ಲಿಸುತ್ತ ಹೋದ. ಕಾಯಿ ಒಡೆಯಿತು. ‘ಚೀಲ ಆ ಕಡಿ ಸರಸ್ರಲೇ’ ಎಂದರು ಚೆನ್ನಬಸಪ್ಪನವರು. ಮತ್ತೊಂದರಲ್ಲಿ ಕೆಮ್ಮಿದರು. ಕೊನೆಯ ಹಾಡಿನಲ್ಲಿ, ಕಾಯಿ ಒಡೆದ ಮೇಲೆ, ಯಾರಿಗೋ ಸಣ್ಣ ದನಿಯಲ್ಲಿ ಹೇಳುತ್ತಿದ್ದರು: ‘ನಮ್ಮ ವೀರೇಶ ಹಾಡೋದು ಕೇಳಿದ್ರ...’

ಅಷ್ಟರಲ್ಲಿ ನನ್ನ ಡ್ರಮ್ಮು ಬಿತ್ತು. ಗಂಟೆಯ ಮೇಲಿನ ಸಿಟ್ಟನ್ನೆಲ್ಲ ಸೇರಿಸಿ ಬಾರಿಸಿದ್ದೆ, ಬೇಗ ಮುಗಿಯುವ ಹಾಗಿರಲಿಲ್ಲ. ಅದು ನಿಂತಾಗ ಅವರ ಮಾತೂ ಮುಗಿದಿತ್ತು.

ವೀರೇಶ ಹಿಂದಕ್ಕೆ ಹೊರಳಿಸಿದ. ಮತ್ತೆ ಅದೇ ಮಾತು, ಅದೇ ಡ್ರಮ್ಮು. ‘ಏನಂದಿರಬೇಕಲೇ?’ ಎಂದ. ಹೊಗಳಿರುತ್ತಾರೆ ಎಂದೆ. ‘ನಮ್ಮಪ್ಪ ಹೊಗಳಂಗಿಲ್ಲ’ ಎಂದು ಮತ್ತೆ ಹೊರಳಿಸಿದ. ಸ್ಪೀಕರಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ, ಒಂದು ಪೆಟ್ಟಿಗೂ ಇನ್ನೊಂದು ಪೆಟ್ಟಿಗೂ ನಡುವೆ ಏನಾದರೂ ಇದೆಯೇ ಎಂದು ಹೊತ್ತು ಮುಳುಗುವವರೆಗೆ ಹುಡುಕಿದ. ನಾನು ಪಕ್ಕದಲ್ಲಿ ಕುಳಿತೇ ಇದ್ದೆ. ನನ್ನ ಡ್ರಮ್ಮನ್ನು ಇಷ್ಟು ಗಮನವಿಟ್ಟು ಕೇಳಿದವರು ಇದುವರೆಗೆ ಯಾರೂ ಇಲ್ಲ.