ಬುತ್ತಿಯಲ್ಲಿ ಬಂದ ಪ್ರಬಂಧ

ಬೆಟಗೇರಿಯ ಜೀವಕೋಶ ಸಂಶೋಧನಾ ಕೇಂದ್ರದಲ್ಲಿ ಪರಿಶೀಲನಾ ಶಾಖೆಯ ಮುದ್ರೆಯಿಲ್ಲದೆ ಯಾವ ಕಾಗದವೂ ನಿರ್ದೇಶಕರ ಮೇಜಿಗೆ ಹೋಗತಕ್ಕದ್ದಲ್ಲ. ಜೀವಕೋಶದೊಳಗೂ ಇದೇ ಪದ್ಧತಿ ಇರುವುದು ಕೇಂದ್ರಕ್ಕೆ ಹೆಮ್ಮೆಯ ಸಂಗತಿ. ಅಲ್ಲಿ ತಯಾರಾದ ಪ್ರೋಟೀನು ಗಾಲ್ಗಿ ಎಂಬ ಭಾಗಕ್ಕೆ ಹೋಗಿ, ಸಕ್ಕರೆಯ ಗುರುತು ಹಾಕಿಸಿಕೊಂಡು, ಆಮೇಲೆಯೇ ಹೊರಪೊರೆಯ ಮೇಲೆ ಕೂರುತ್ತದೆ.

ಸಂಶೋಧನಾ ವಿದ್ಯಾರ್ಥಿನಿ ಮೇಘಾ ಈ ಹೆಮ್ಮೆಗೆ ಕಲ್ಲು ಹಾಕಿದಳು. ಗಾಲ್ಗಿಯ ದಾರಿ ಕಟ್ಟಿದಾಗ ಕೆಲವು ಪ್ರೋಟೀನುಗಳು ಬೇರೆ ದಾರಿ ಹಿಡಿದು ನೇರ ಪೊರೆಗೆ ಹೋಗುತ್ತವೆಂದು ನಾಲ್ಕು ವರ್ಷ ಕಣ್ಣು ಸವೆಸಿ ಕಂಡುಕೊಂಡಿದ್ದಳು.

“ಮುದ್ರಿ ಇಲ್ಲದ ಪ್ರೋಟೀನು ಅಲ್ಲಿ ಹೆಂಗ ಕುಂತೈತಿ?” ನಿರ್ದೇಶಕ ಮನೋಹರ ಕೇಳಿದರು.

“ಹೋಗಲಿಲ್ಲಂದ್ರ ಕೋಶ ಸಾಯ್ತೈತ್ರಿ ಸರ್.”

“ಸಾಯಲಿ. ನಿಯಮದ ಪ್ರಕಾರ ಸಾಯಲಿ.”

ತನಿಖಾ ಸಮಿತಿ ರಚನೆಯಾಯಿತು. ಸದಸ್ಯರು ಪಕ್ಕದ ಕೋಣೆಯ ಸೂಕ್ಷ್ಮದರ್ಶಕದವರೆಗೆ ಪ್ರಯಾಣಭತ್ಯೆ ಪಡೆದು ಹೋಗಿಬಂದು ಆದೇಶ ಹೊರಡಿಸಿದರು: ‘ಸದರಿ ಪ್ರೋಟೀನು ಕೂಡಲೇ ಒಳಗೆ ಹಿಂದಿರುಗಿ, ಗಾಲ್ಗಿ ತೆರೆದ ಬಳಿಕ ಸರಿಯಾದ ಮಾರ್ಗದಲ್ಲಿ ಮತ್ತೆ ಬರತಕ್ಕದ್ದು.’ ಪ್ರೋಟೀನು ಉತ್ತರಿಸಲಿಲ್ಲ. ಅದನ್ನು ಒಪ್ಪಿಗೆ ಎಂದು ದಾಖಲಿಸಲಾಯಿತು.

ಇತ್ತ ಮೇಘಾಳ ಪ್ರಬಂಧ ಸಲ್ಲಿಸಲು ಮರುದಿನವೇ ಕೊನೆ. ನಿರ್ದೇಶಕರ ಸಹಿ ಬೀಳದಿದ್ದರೆ ಅಷ್ಟೂ ವರ್ಷ ನೀರಿನಲ್ಲಿ ಹೋಮ. ಪರಿಶೀಲನಾ ಶಾಖೆಯ ಹೊನ್ನೇಶ ಬಾಗಿಲಿಗೆ ಬೀಗ ಜಡಿದು, ಮುದ್ರೆಯನ್ನು ಜೇಬಿನಲ್ಲಿಟ್ಟುಕೊಂಡು ಲಕ್ಷ್ಮೇಶ್ವರಕ್ಕೆ ಮದುವೆಗೆ ಹೋಗಿದ್ದ. ಮೇಘಾಳಿಗೆ ಅಳುವೇ ಬಂತು.

ಆದರೆ ಆ ಮೇಜಿಗೆ ಮುದ್ರೆಯಿಲ್ಲದೆ ದಿನವೂ ಬರುವ ವಸ್ತು ಒಂದಿತ್ತು: ಮುಂಡರಗಿಯಿಂದ ನಿರ್ದೇಶಕರ ತಾಯಿ ಬೀರವ್ವ ಬಸ್ಸಿನಲ್ಲಿ ಕಳಿಸುವ ಬುತ್ತಿ. ಬೆಳಗಾಗುತ್ತಲೇ ಮೇಘಾ ಪ್ರಬಂಧ ಹಿಡಿದುಕೊಂಡು ಮುಂಡರಗಿಯ ಬಸ್ಸು ಹತ್ತಿದಳು.

“ಅವ್ವಾರ, ಇದನ್ನ ರೊಟ್ಟಿ ಕೆಳಗ ಇಡ್ರಿ.”

“ಏನೈತವಾ ಇದರಾಗ?” ಬೀರವ್ವ ಕೇಳಿದಳು.

“ನನ್ನ ನಾಕ ವರ್ಷದ ದುಡಿಮಿ ಐತ್ರಿ.”

“ಹಂಗಾರ ಎಣ್ಣಿಗಾಯಿ ದೂರ ಇಡ್ತೀನಿ.”

ಮಧ್ಯಾಹ್ನ ನಿರ್ದೇಶಕರು ಬುತ್ತಿ ಬಿಚ್ಚಿ, ಪ್ರಬಂಧ ಕಂಡು ಹುಬ್ಬೇರಿಸಿದರು. “ಅವ್ವ ಕಳಿಸಿದ್ದನ್ನ ತಿರುಗಿ ಕಳಿಸಾಕ ಬರ್ತೈತೇನು?” ಎಂದು, ಬಲಗೈ ಎಂಜಲಾಗಿದ್ದರಿಂದ ಎಡಗೈಯಲ್ಲೇ ಸಹಿ ಹಾಕಿದರು.

ಮೇಘಾ ಡಾಕ್ಟರ್ ಮೇಘಾ ಆದಳು. ಬೆನ್ನಿಗೇ ಸುತ್ತೋಲೆ ಬಂತು: ‘ಇನ್ನು ಮುಂದೆ ಎಲ್ಲ ಪ್ರಬಂಧಗಳನ್ನು ಬುತ್ತಿಯ ಮೂಲಕವೇ ಸಲ್ಲಿಸತಕ್ಕದ್ದು.’ ಈಗ ಬೀರವ್ವನ ಅಡುಗೆಮನೆಯ ಮುಂದೆ ಸಂಶೋಧಕರ ಸಾಲು ನಿಲ್ಲುತ್ತದೆ. ಆಕೆ ಒಂದೊಂದು ಪ್ರಬಂಧವನ್ನೂ ಕೈಯಲ್ಲಿ ತೂಗಿ ನೋಡುತ್ತಾಳೆ.

“ದಪ್ಪ ಆತಪಾ, ರೊಟ್ಟಿ ಹಿಡಿಯಂಗಿಲ್ಲ. ಎರಡು ಅಧ್ಯಾಯ ತಗಿ.”

ಸಂಶೋಧಕರು ಅಲ್ಲೇ ಕೂತು ಹರಿದು ತೆಗೆಯುತ್ತಾರೆ. ಯಾವ ಅಧ್ಯಾಯವೆಂದು ಇದುವರೆಗೆ ಯಾರೂ ಕೇಳಿಲ್ಲ.